ಅಮ್ಮನಿಗೂ ಅಜ್ಜಿ, ನನಗೂ ಅಜ್ಜಿ

(ನಮ್ಮ ತಾಲ್ಲೂಕು ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತಿನ ಬರಹ ರೂಪ ಇದು. ಬೋರ್ಡಿನ ಮೇಲೆ ಗೀಚಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೂವತ್ತು ವರ್ಷ ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡಿದವನು ನಾನು. ಅನುವಂಶೀಯತೆ ಅಂದ ಕೂಡಲೇ ಮೆಂಡೆಲ್, ಬಟಾಣಿ ಗಿಡ, ಎತ್ತರದ್ದು, ಕುಳ್ಳನೆಯದು ಅಂತ ಶುರು ಮಾಡುವುದು ನಮಗೆ ಅಭ್ಯಾಸ. ಇವತ್ತು ಬಟಾಣಿ ಬೇಡ. ನಮ್ಮ ಮನೆಯಿಂದಲೇ ಶುರು ಮಾಡುತ್ತೇನೆ.

ನಮ್ಮಪ್ಪ ಮದುವೆಯಾಗಿದ್ದು ಸ್ವಂತ ಅಕ್ಕನ ಮಗಳನ್ನು. ಅಂದರೆ ಅಮ್ಮನಿಗೆ ಅಪ್ಪ ಸೋದರಮಾವ. ನಮ್ಮ ಜೊತೆಯಲ್ಲೇ ಅಪ್ಪನ ತಾಯಿ ಇದ್ದರು. ನಾನು ಅವರನ್ನು ಅಜ್ಜಿ ಅಂತ ಕರೆಯುತ್ತಿದ್ದೆ. ನಮ್ಮಮ್ಮನೂ ಅಜ್ಜಿ ಅಂತಲೇ ಕರೆಯುತ್ತಿದ್ದಳು. ಅಮ್ಮನಿಗೆ ಅವರು ಅತ್ತೆ ನಿಜ, ಆದರೆ ಅದಕ್ಕೂ ಮೊದಲು ತಾಯಿಯ ತಾಯಿ. ಹುಟ್ಟಿದಾಗಿನಿಂದ ಅಜ್ಜಿ ಅಂದ ಬಾಯಿಗೆ ಅತ್ತೆ ಅನ್ನುವುದು ಬರಲಿಲ್ಲ. ಇನ್ನು ಅಮ್ಮನ ತಾಯಿ ನನಗೆ ಅಜ್ಜಿಯೂ ಹೌದು, ಅಪ್ಪನ ಅಕ್ಕ ಆದ್ದರಿಂದ ಸೋದರತ್ತೆಯೂ ಹೌದು. ಅಪ್ಪ ಕೊನೆಯವರೆಗೂ ಅವರನ್ನು ಅಕ್ಕ ಅಂತಲೇ ಕರೆದರು. ಅತ್ತೆ ಅಂತ ಒಂದು ದಿನವೂ ಅನ್ನಲಿಲ್ಲ. ಮೂರನೇ ಕ್ಲಾಸಿನಲ್ಲಿ ಒಬ್ಬ ಗೆಳೆಯ, "ನಿಮ್ಮಮ್ಮಂಗೂ ಅಜ್ಜಿ, ನಿಂಗೂ ಅಜ್ಜಿ, ಅದೆಂಗೋ?" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಅಲ್ಲಿಯವರೆಗೆ ಅದೊಂದು ಪ್ರಶ್ನೆ ಅಂತಲೇ ಗೊತ್ತಿರಲಿಲ್ಲ.

ಒಂದು ನಿಮಿಷ, ಅಪ್ಪ-ಅಮ್ಮ ಮದುವೆಗೆ ಮೊದಲೇ ರಕ್ತಸಂಬಂಧಿಗಳಾಗಿದ್ದವರು ಇಲ್ಲಿ ಎಷ್ಟು ಜನ ಇದ್ದೀರಿ, ಕೈ ಎತ್ತಿ. ನಾಚಿಕೆ ಬೇಡ, ನಾನೂ ಎತ್ತಿದ್ದೇನೆ. ಹೆಚ್ಚು ಕಡಿಮೆ ಮೂರರಲ್ಲಿ ಒಬ್ಬರು. ಆಶ್ಚರ್ಯ ಇಲ್ಲ. 1980ರಿಂದ 1989ರವರೆಗೆ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳ ಅಪ್ಪ-ಅಮ್ಮಂದಿರ ಲೆಕ್ಕ ತೆಗೆದಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಹೊರದೇಶದ ಅಲನ್ ಬಿಟ್ಟಲ್ಸ್ ಮೊದಲಾದವರ ಕೆಲಸ ಅದು. ಸುಮಾರು 31 ಪ್ರತಿಶತ ಮದುವೆಗಳು ಸಂಬಂಧದೊಳಗಿನವು. ಅದರಲ್ಲೂ ಸೋದರಮಾವ ಮತ್ತು ಮಾವನ ಮಗಳು, ಇವೇ ಜಾಸ್ತಿ. ಹಳ್ಳಿಯಲ್ಲ ಸ್ವಾಮಿ, ಬೆಂಗಳೂರಿನ ಲೆಕ್ಕ ಇದು. ಈಗಲೂ ರಾಜ್ಯದಲ್ಲಿ ಸುಮಾರು ಕಾಲು ಭಾಗ ಹೀಗೇ ಇದೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ.

ಕಾನೂನು ಏನು ಹೇಳುತ್ತದೆ? 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ-ಸೊಸೆಯ ಮದುವೆಯನ್ನು ನಿಷೇಧದ ಪಟ್ಟಿಗೆ ಹಾಕಿದೆ. ಪಕ್ಕದಲ್ಲೇ, ಎರಡೂ ಕಡೆಯ ರೂಢಿ ಒಪ್ಪುವುದಾದರೆ ಆಗಬಹುದು ಅಂತ ಬಾಗಿಲನ್ನೂ ತೆಗೆದಿಟ್ಟಿದೆ. ದಕ್ಷಿಣದವರು ಆ ಬಾಗಿಲಿನಲ್ಲೇ ಓಡಾಡುತ್ತಿದ್ದೇವೆ.

ಈ ಪದ್ಧತಿಯನ್ನು ಸುಮ್ನೆ ಮೌಢ್ಯ ಅಂತ ತಳ್ಳಿಬಿಡುವುದು ನನಗೆ ಇಷ್ಟವಿಲ್ಲ. ನಮ್ಮಮ್ಮನಿಗೆ 16ಕ್ಕೆ ಮದುವೆ ಆಯಿತು. ಬೇರೆ ಕಡೆ ಕೊಟ್ಟಿದ್ದರೆ ಮುಖ ನೋಡದ ಅತ್ತೆ, ಕಾಣದ ಊರು. ಇಲ್ಲಿ ಅತ್ತೆಯ ಜಾಗದಲ್ಲಿ ಸಾಕಿದ ಅಜ್ಜಿ. ಜಮೀನು ಚೂರಾಗಲಿಲ್ಲ. ವರದಕ್ಷಿಣೆಯ ಮಾತೇ ಬರಲಿಲ್ಲ. ಕಷ್ಟ ಬಂದರೆ ಹೇಳಿಕೊಳ್ಳಲು ಗಂಡನ ಮನೆಯೇ ತವರು. ಇದೆಲ್ಲ ಲೆಕ್ಕಕ್ಕೆ ಬರುವ ಲಾಭಗಳು. ನಷ್ಟದ ಲೆಕ್ಕ ಬೇರೆ ಪುಸ್ತಕದಲ್ಲಿದೆ. ಆ ಪುಸ್ತಕ ಓದುವುದು ಹೇಗೆ ಅಂತ ಹೇಳುತ್ತೇನೆ.

ನಮ್ಮ ದೇಹದ ಪ್ರತಿ ಜೀನೂ, ಅಂದರೆ ವಂಶವಾಹಿಯೂ, ಎರಡೆರಡು ಪ್ರತಿ ಇರುತ್ತದೆ (ಜೀನುಗಳ ಕಟ್ಟಿಗೆ ಕ್ರೋಮೋಸೋಮ್ ಅನ್ನುತ್ತಾರೆ. ಗಂಡಸರ ಎಕ್ಸ್ ಕ್ರೋಮೋಸೋಮಿನ ವಿಷಯ ಸ್ವಲ್ಪ ಬೇರೆ, ಅದಕ್ಕೆ ಬರುತ್ತೇನೆ). ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಸಾರಿನ ಪುಡಿಯ ಅಳತೆ ಬರೆದ ಚೀಟಿ ಅಂದುಕೊಳ್ಳಿ. ಅತ್ತೆ ಮನೆಯದು ಒಂದು, ತವರುಮನೆಯದು ಒಂದು, ಎರಡೂ ಡಬ್ಬಿಯಲ್ಲಿವೆ. ಒಂದರಲ್ಲಿ ಧನಿಯಾದ ಅಳತೆ ಅಳಿಸಿ ಹೋಗಿದ್ದರೆ ಇನ್ನೊಂದನ್ನು ನೋಡಿ ಪುಡಿ ಮಾಡಬಹುದು. ಸಾರು ಕೆಡುವುದಿಲ್ಲ. ಅಳಿಸಿದ ಚೀಟಿ ಇದೆ ಅಂತ ಗೊತ್ತೂ ಆಗುವುದಿಲ್ಲ. ಇಂಥ ಒಂದು ಅಳಿಸಿದ ಚೀಟಿ ಇಟ್ಟುಕೊಂಡು ಆರೋಗ್ಯವಾಗಿರುವವರನ್ನು ಕ್ಯಾರಿಯರ್ ಅನ್ನುತ್ತಾರೆ, ವಾಹಕರು. ಇಲ್ಲಿ ಕೂತ ಒಬ್ಬೊಬ್ಬರಲ್ಲೂ ಯಾವುದೋ ಕೆಲವು ಕಾಯಿಲೆಗಳ ಇಂಥ ಚೀಟಿ ಇದ್ದೇ ಇದೆ. ನನ್ನಲ್ಲೂ ಇದೆ.

ತೊಂದರೆ ಆಗುವುದು ಎರಡು ಚೀಟಿಯೂ ಒಂದೇ ಜಾಗದಲ್ಲಿ ಅಳಿಸಿದ್ದಾಗ. ಗಂಡ-ಹೆಂಡತಿ ಬೇರೆ ಬೇರೆ ವಂಶದವರಾದರೆ ಇಬ್ಬರ ಚೀಟಿಯೂ ಒಂದೇ ಜಾಗದಲ್ಲಿ ಕೆಟ್ಟಿರುವುದು ಅಪರೂಪ. ಆದರೆ ಇಬ್ಬರೂ ಒಬ್ಬಳೇ ಅಜ್ಜಿಯ ಚೀಟಿಯನ್ನು ಜೆರಾಕ್ಸ್ ಮಾಡಿಸಿಕೊಂಡವರಾಗಿದ್ದರೆ? ಅಜ್ಜಿಯ ಚೀಟಿಯಲ್ಲಿದ್ದ ತಪ್ಪು ಎರಡೂ ಕಡೆಯಿಂದ ಬಂದು ಮಗುವಿನ ಡಬ್ಬಿಯಲ್ಲಿ ಜೊತೆಯಾಗಬಹುದು.

ಎಷ್ಟು ಸಲ? ನಾಣ್ಯ ಚಿಮ್ಮಿ ನೋಡೋಣ. ನಮ್ಮ ಮನೆಯದ್ದೇ ಲೆಕ್ಕ. ಅಜ್ಜಿಯ ಒಂದು ಕೆಟ್ಟ ಚೀಟಿ ನಮ್ಮಪ್ಪನಿಗೆ ಬರಬೇಕು, ಅರ್ಧ ಸಾಧ್ಯತೆ. ಅಪ್ಪನಿಂದ ನನಗೆ, ಇನ್ನೊಂದು ಅರ್ಧ. ಆ ಕಡೆ ಅದೇ ಚೀಟಿ ಅಜ್ಜಿಯಿಂದ ನನ್ನ ಸೋದರತ್ತೆಗೆ, ಅಂದರೆ ಅಮ್ಮನ ತಾಯಿಗೆ, ಅವರಿಂದ ಅಮ್ಮನಿಗೆ, ಅಮ್ಮನಿಂದ ನನಗೆ. ಒಟ್ಟು ಐದು ಸಲ ನಾಣ್ಯ ಒಂದೇ ಮುಖ ಬೀಳಬೇಕು. 32ರಲ್ಲಿ ಒಂದು ಸಲ ಹಾಗಾಗುತ್ತದೆ. ಅಜ್ಜಿಯದು ಎರಡು ಚೀಟಿ, ಅಜ್ಜನದು ಎರಡು, ನಾಲ್ಕಕ್ಕೂ ಇದೇ ಲೆಕ್ಕ. ನಾಲ್ಕು ಸಲ 32ರಲ್ಲಿ ಒಂದು ಅಂದರೆ ಎಂಟರಲ್ಲಿ ಒಂದು. ಸೋದರಮಾವನ ಮದುವೆಯ ಮಗುವಿನ ಜೀನುಗಳಲ್ಲಿ ಸರಾಸರಿ ಎಂಟರಲ್ಲಿ ಒಂದು ಭಾಗ ಹೀಗೆ ಒಂದೇ ಮೂಲದ ಜೋಡಿ ಪ್ರತಿ. ಮಾವನ ಮಗಳು ಅಥವಾ ಅತ್ತೆಯ ಮಗಳಾದರೆ ನಾಣ್ಯ ಆರು ಸಲ, ಹದಿನಾರರಲ್ಲಿ ಒಂದು ಭಾಗ. ಸೋದರಮಾವನ ಮದುವೆಯಲ್ಲಿ ಅದರ ಎರಡರಷ್ಟು, ಅಷ್ಟೇ.

ಇಲ್ಲಿ ಒಂದು ತಮಾಷೆ ಇದೆ. ಮಾವನ ಮಗಳು ಹೆಂಡತಿ ಆಗಬಹುದು, ಚಿಕ್ಕಪ್ಪನ ಮಗಳು ತಂಗಿ. ನಮ್ಮಲ್ಲಿ ಅದು ಊಹಿಸಲೂ ಆಗದ ಮಾತು. ಆದರೆ ಜೀನಿನ ಲೆಕ್ಕದಲ್ಲಿ ಇಬ್ಬರೂ ಅಷ್ಟೇ ಹತ್ತಿರ, ಅಷ್ಟೇ ದೂರ. ಗೋತ್ರ, ಬೆಡಗು, ಬಳಿ ಎಲ್ಲ ಒಂದೇ ಕಡೆಯ ನೆಂಟಸ್ತಿಕೆ ಎಣಿಸುತ್ತವೆ. ಜೀನು ಎರಡೂ ಕಡೆ ಎಣಿಸುತ್ತದೆ. ಎಕ್ಸ್ ಕ್ರೋಮೋಸೋಮ್ ಒಂದನ್ನೇ ತೆಗೆದುಕೊಂಡರಂತೂ ಈ ಇಬ್ಬರ ವಿಷಯದಲ್ಲಿ ನಮ್ಮ ರೂಢಿ ಉಲ್ಟಾ. ಗಂಡಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ. ಹಾಗಾಗಿ ಅಪ್ಪನ ತಮ್ಮನ ಮಗಳ ಜೊತೆ ಅವನಿಗೆ ಆ ಸಂಬಂಧದಿಂದ ಎಕ್ಸ್‌ನಲ್ಲಿ ಏನೂ ಹಂಚಿಕೆ ಇರುವುದಿಲ್ಲ. ಮಾವನ ಮಗಳ ಜೊತೆ ಇರುತ್ತದೆ. ಬೇಡ ಅಂದವಳು ದೂರ, ಆಗಬಹುದು ಅಂದವಳು ಹತ್ತಿರ! ಇದನ್ನು ನಂಬಿಕೊಂಡು ಯಾರೂ ಚಿಕ್ಕಪ್ಪನ ಮನೆಗೆ ಹೆಣ್ಣು ಕೇಳಲು ಹೋಗಬೇಡಿ. ಉಳಿದ 22 ಜೊತೆ ಕ್ರೋಮೋಸೋಮ್‌ಗಳಲ್ಲಿ ವ್ಯತ್ಯಾಸವೇ ಇಲ್ಲ.

ಈಗ ಕಾಯಿಲೆಯ ಲೆಕ್ಕ. ಒಂದು ಕಾಯಿಲೆಯ ಕೆಟ್ಟ ಚೀಟಿ ಜನರಲ್ಲಿ ನೂರಕ್ಕೆ ಒಂದು ಇದೆ ಅನ್ನಿ. ಸಂಬಂಧವಿಲ್ಲದವರ ಮಕ್ಕಳಲ್ಲಿ ಹತ್ತು ಸಾವಿರಕ್ಕೆ ಒಂದು ಮಗುವಿಗೆ ಆ ಕಾಯಿಲೆ. ಮಾವನ ಮಗಳ ಮದುವೆಯಲ್ಲಿ ಹತ್ತು ಸಾವಿರಕ್ಕೆ ಏಳು. ಸೋದರಮಾವನ ಮದುವೆಯಲ್ಲಿ ಹದಿಮೂರು. ಕಾಯಿಲೆ ಇನ್ನೂ ಅಪರೂಪದ್ದಾದರೆ ಅಂತರ ಭಯಂಕರವಾಗಿ ಹಿಗ್ಗುತ್ತದೆ. ಕೆಟ್ಟ ಚೀಟಿ ಸಾವಿರಕ್ಕೆ ಒಂದು ಅಂದುಕೊಳ್ಳಿ. ಹೊರಗಿನ ಮದುವೆಯಲ್ಲಿ ಹತ್ತು ಲಕ್ಷಕ್ಕೆ ಒಂದು ಮಗು, ಸೋದರಮಾವನಲ್ಲಿ ಎಂಟು ಸಾವಿರಕ್ಕೆ ಒಂದು. ನೂರು ಪಟ್ಟಿಗಿಂತ ಜಾಸ್ತಿ!

ಈ ಗುಟ್ಟನ್ನು ಮೊದಲು ಹಿಡಿದದ್ದು ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್. ಆಲ್ಕಪ್ಟೊನೂರಿಯಾ ಅಂತ ಒಂದು ಕಾಯಿಲೆ. ಮಗುವಿನ ಮೂತ್ರ ಗಾಳಿಗೆ ಕಪ್ಪಾಗುತ್ತದೆ, ಬಟ್ಟೆ ನೋಡಿ ತಾಯಂದಿರು ಹೆದರುತ್ತಿದ್ದರು. ಇಂಥ ಮಕ್ಕಳ ಅಪ್ಪ-ಅಮ್ಮಂದಿರಲ್ಲಿ ಅಣ್ಣತಮ್ಮಂದಿರ, ಅಕ್ಕತಂಗಿಯರ ಮಕ್ಕಳೇ ಮತ್ತೆ ಮತ್ತೆ ಸಿಗುತ್ತಿರುವುದನ್ನು ಗ್ಯಾರಡ್ ಕಂಡ. ಬಟಾಣಿ ಗಿಡದಲ್ಲಿ ಅನುವಂಶೀಯತೆಯ ನಿಯಮ ಕಂಡ ಮೆಂಡೆಲನ 1866ರ ಕೆಲಸ ಮರೆತುಹೋಗಿ, 1900ರಲ್ಲಿ ಮತ್ತೆ ಬೆಳಕಿಗೆ ಬಂದಿತ್ತು. ಎರಡೇ ವರ್ಷಕ್ಕೆ, 1902ರಲ್ಲಿ, ಬಟಾಣಿಯ ನಿಯಮ ಮನುಷ್ಯನ ಕಾಯಿಲೆಗೂ ಹೊಂದುತ್ತದೆ ಅಂತ ಗ್ಯಾರಡ್ ಬರೆದ. ಮನುಷ್ಯರ ಅನುವಂಶೀಯತೆಯ ವಿಜ್ಞಾನ ಶುರುವಾಗಿದ್ದೇ ಸಂಬಂಧದ ಮದುವೆಯಿಂದ ಅಂದರೂ ತಪ್ಪಿಲ್ಲ.

ಅದಕ್ಕೂ ಮೊದಲು ಇನ್ನೊಬ್ಬರು ಇದೇ ಚಿಂತೆಯಲ್ಲಿ ಒದ್ದಾಡಿದ್ದರು. ಚಾರ್ಲ್ಸ್ ಡಾರ್ವಿನ್. 1839ರಲ್ಲಿ ಆತ ಮದುವೆಯಾದ ಎಮ್ಮಾ ವೆಜ್‌ವುಡ್ ಸ್ವಂತ ಸೋದರಮಾವನ ಮಗಳು. ಹೌದು, ನಮ್ಮಲ್ಲಿ ಮೊದಲು ಕೇಳುವ ಹೆಣ್ಣೇ. ಹತ್ತು ಮಕ್ಕಳು ಹುಟ್ಟಿದರು, ಮೂವರು ಚಿಕ್ಕವರಿದ್ದಾಗಲೇ ಹೋದರು. 1851ರಲ್ಲಿ ಹತ್ತು ವರ್ಷದ ಆ್ಯನಿ ಸತ್ತದ್ದು ಡಾರ್ವಿನ್ನನನ್ನು ಕೊನೆಯವರೆಗೂ ಬಿಡಲಿಲ್ಲ. ಗಿಡಗಳನ್ನು ಅವುಗಳದ್ದೇ ಪರಾಗದಿಂದ ಬೆಳೆಸಿದರೆ ಸೊರಗುತ್ತವೆ ಅಂತ ತೋಟದಲ್ಲಿ ಪ್ರಯೋಗ ಮಾಡಿ ತೋರಿಸಿದವನು ಆತ. ತನ್ನ ಮನೆಯಲ್ಲೂ ಅದೇ ನಡೆಯುತ್ತಿದೆಯೇನೋ ಅನ್ನುವ ಅಂಜಿಕೆ. 1871ರ ಜನಗಣತಿಯಲ್ಲಿ ಸಂಬಂಧದ ಮದುವೆಯ ಪ್ರಶ್ನೆ ಸೇರಿಸಿ ಅಂತ ಗೆಳೆಯ ಜಾನ್ ಲಬ್ಬಕ್ ಮೂಲಕ ಪಾರ್ಲಿಮೆಂಟಿಗೆ ಕೇಳಿಸಿದ. ಸದಸ್ಯರು ಒಪ್ಪಲಿಲ್ಲ. ಆಮೇಲೆ ಮಗ ಜಾರ್ಜ್ ತಾನೇ ಲೆಕ್ಕ ಹಾಕಿ 1875ರಲ್ಲಿ, ತೊಂದರೆ ಇದ್ದರೂ ಹೆದರುವಷ್ಟಿಲ್ಲ ಅಂದ. ಅಂದಹಾಗೆ ಜಾರ್ಜ್ ಸೇರಿ ಡಾರ್ವಿನ್ನನ ಮೂವರು ಗಂಡುಮಕ್ಕಳು ರಾಯಲ್ ಸೊಸೈಟಿಯ ಫೆಲೋಗಳಾದರು. ಸಂಬಂಧದಲ್ಲಿ ಮದುವೆಯಾದರೆ ಮಕ್ಕಳು ದಡ್ಡರಾಗುತ್ತಾರೆ ಅನ್ನುವವರಿಗೆ ಇದನ್ನು ಹೇಳಿ.

ಮಗ ಹೇಳಿದ್ದು ಹೆಚ್ಚು ಕಡಿಮೆ ಸರಿಯೇ. ಯಾವ ದಂಪತಿಗಾದರೂ ಹುಟ್ಟುವ ನೂರು ಮಕ್ಕಳಲ್ಲಿ ಎರಡು ಮೂರಕ್ಕೆ ಗಂಭೀರ ಹುಟ್ಟುದೋಷ ಇರುತ್ತದೆ. ಮಾವನ ಮಗಳ ಮದುವೆಯಲ್ಲಿ ಅದಕ್ಕೆ ಇನ್ನೂ ಎರಡೋ ಮೂರೋ ಸೇರುತ್ತವೆ. ಸೋದರಮಾವನದಾದರೆ ಇನ್ನಷ್ಟು. ಎರಡುಪಟ್ಟು ಅಂದರೆ ಗಾಬರಿ, ನೂರಕ್ಕೆ 94 ಮಕ್ಕಳು ಚೆನ್ನಾಗಿರುತ್ತವೆ ಅಂದರೆ ಸಮಾಧಾನ. ಎರಡೂ ಒಂದೇ ಲೆಕ್ಕ. ಗಾಬರಿ ಪಡಿಸುವವರು ಒಂದನ್ನು ಹೇಳುತ್ತಾರೆ, ಮದುವೆ ಮಾಡಿಸುವವರು ಇನ್ನೊಂದನ್ನು.

ಇಷ್ಟು ಕಾಲ ನಮ್ಮ ಹಿರಿಯರಿಗೆ ಇದು ಕಾಣಲಿಲ್ಲವೇ? ಕಾಣುವುದು ಕಷ್ಟವಿತ್ತು. ನಮ್ಮಜ್ಜಿ ಒಂಬತ್ತು ಹೆತ್ತು ನಾಲ್ಕನ್ನು ಉಳಿಸಿಕೊಂಡವರು. ಅವರದು ಸಂಬಂಧದ ಮದುವೆಯಲ್ಲ. ಪಕ್ಕದ ಮನೆಯಲ್ಲೂ ಅದೇ ಕಥೆ. ಭೇದಿ, ದಡಾರ, ನ್ಯುಮೋನಿಯಾ, ಬಾಣಂತಿ ಸನ್ನಿ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೇಶದಲ್ಲಿ ಸಾವಿರ ಕೂಸುಗಳಲ್ಲಿ ನೂರಕ್ಕಿಂತ ಹೆಚ್ಚು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಅಷ್ಟು ಸಾವಿನ ನಡುವೆ ಇನ್ನೆರಡು ಹೆಚ್ಚಾದರೆ ಯಾರಿಗೆ ಗೊತ್ತಾಗುತ್ತದೆ? ಈಗ ಕರ್ನಾಟಕದಲ್ಲಿ ಆ ಸಂಖ್ಯೆ 20ಕ್ಕಿಂತ ಕೆಳಗೆ ಬಂದಿದೆ. ಕೆರೆಯ ನೀರು ಇಳಿದ ಹಾಗೆ ತಳದ ಕಲ್ಲುಗಳು ಕಾಣುತ್ತಿವೆ. ಕಲ್ಲು ಹೊಸದಲ್ಲ.

1960ರ ದಶಕದಲ್ಲಿ ಅನುವಂಶೀಯತೆಯ ಸಂಶೋಧಕ ಎಲ್.ಡಿ. ಸಾಂಘ್ವಿ ಒಂದು ವಾದ ಮುಂದಿಟ್ಟರು. ದಕ್ಷಿಣ ಭಾರತದಲ್ಲಿ ಸಾವಿರಾರು ವರ್ಷದಿಂದ ಹೀಗೆ ಮದುವೆ ನಡೆದಿರುವುದರಿಂದ ಕೆಟ್ಟ ಜೀನುಗಳು ಸೋಸಿ ಹೋಗಿರಬಹುದು ಅಂತ. ವಿಕಾಸವಾದದ ಕಣ್ಣಲ್ಲಿ ಇದರಲ್ಲಿ ತರ್ಕವಿದೆ. ಎರಡು ಕೆಟ್ಟ ಚೀಟಿ ಸೇರಿದ ಮಗು ಬದುಕುವುದಿಲ್ಲ, ಆ ಚೀಟಿಗಳೂ ಮುಂದಿನ ತಲೆಮಾರಿಗೆ ಹೋಗುವುದಿಲ್ಲ. ಆದರೆ ನೋಡಿ, ಸೋಸುವುದು ಅಂದರೇನು? ಸತ್ತ ಮಕ್ಕಳು. ಅಷ್ಟಾದರೂ ಪೂರ್ತಿ ಸೋಸಿ ಹೋಗಿದೆಯೇ ಅಂದರೆ ಇಲ್ಲ. ಬೆಂಗಳೂರಿನ ಮಕ್ಕಳ ಆಸ್ಪತ್ರೆಗಳ ಹೊರಗೆ ಕಾದು ಕೂತವರನ್ನು ಕೇಳಿದರೆ ಗೊತ್ತಾಗುತ್ತದೆ. ಕಾರಣವೂ ಸರಳ. ಮೊದಲ ಲೆಕ್ಕಕ್ಕೇ ಬನ್ನಿ. ಹತ್ತು ಸಾವಿರದಲ್ಲಿ ಕಾಯಿಲೆಯ ಮಗು ಒಂದು, ಆರೋಗ್ಯವಾಗಿ ಓಡಾಡುವ ವಾಹಕರು ಸುಮಾರು ಇನ್ನೂರು. ಕೆಟ್ಟ ಚೀಟಿಗಳು ಅಡಗಿರುವುದು ಆ ಇನ್ನೂರು ಜನರಲ್ಲಿ. ಜರಡಿಗೆ ಅವು ಸಿಗುವುದೇ ಇಲ್ಲ.

ಕೆಲವು ತಡವಾಗಿ ಹೊಡೆದು ತಪ್ಪಿಸಿಕೊಳ್ಳುತ್ತವೆ. ಹೃದಯದ ಸ್ನಾಯುವಿನ ಒಂದು ಜೀನಿನಲ್ಲಿ 25 ಅಕ್ಷರ ಬಿಟ್ಟುಹೋದ ರೂಪ ಭಾರತೀಯರಲ್ಲಿ ನೂರಕ್ಕೆ ನಾಲ್ಕು ಜನರಲ್ಲಿದೆ. ಹೈದರಾಬಾದಿನ ಸಿಸಿಎಂಬಿ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ತಂಗರಾಜ್ ಮತ್ತು ಸಂಗಡಿಗರು 2009ರಲ್ಲಿ ಇದನ್ನು ಪ್ರಕಟಿಸಿದರು. ವಯಸ್ಸಾದ ಮೇಲೆ ಹೃದಯ ಸೋಲುವ ಅಪಾಯ ಹೆಚ್ಚು. ಅಷ್ಟರಲ್ಲಿ ಮಕ್ಕಳಾಗಿ, ಅವರ ಮದುವೆಯೂ ಆಗಿರುತ್ತದೆ. ಇನ್ನು ಕುಡುಗೋಲು ಕಣ ರೋಗದ (ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆ) ಜೀನು ಮಾಡುವುದು ಇನ್ನೊಂದು ಉಪಾಯ. ಒಂದೇ ಪ್ರತಿ ಇದ್ದರೆ ಮಲೇರಿಯಾದಿಂದ ಕಾಪಾಡುತ್ತದೆ. 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ ಅದು ಕಂಡಿತು. ನಮ್ಮ ಎಚ್.ಡಿ. ಕೋಟೆ, ಚಾಮರಾಜನಗರದ ಕಾಡಿನ ಜನರಲ್ಲೂ ಇದೆ. ಅದನ್ನೇ ಹೇಳುತ್ತಾ ಕೂತರೆ ಮಧ್ಯಾಹ್ನ ಆಗುತ್ತದೆ, ಮುಂದೆ ಹೋಗೋಣ.

ನಾನು ಇವತ್ತು ಹೇಳಲೇಬೇಕು ಅಂತ ಬಂದ ಮಾತು ಈಗ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳುತ್ತಾರೆ, "ಸಂಬಂಧದಲ್ಲಿ ಮದುವೆನಾ?" ನಾವು ಹೇಳುತ್ತೇವೆ, "ಇಲ್ಲ ಡಾಕ್ಟ್ರೇ, ಹೊರಗಿನ ಸಂಬಂಧ." ಯಾವ ಹೊರಗು? ಅದೇ ಜಾತಿ, ಅದೇ ಒಳಪಂಗಡ, ಸುತ್ತಿನ ನಲವತ್ತು ಹಳ್ಳಿ. ನಾಲ್ಕು ತಲೆಮಾರು ಹಿಂದಿನ ಹೆಸರು ನಮಗೆ ಗೊತ್ತಿಲ್ಲ, ಹಾಗಾಗಿ ಸಂಬಂಧವಿಲ್ಲ ಅನ್ನುತ್ತೇವೆ. ಡಿಎನ್ಎಗೆ ನೂರು ತಲೆಮಾರು ನೆನಪಿದೆ.

ಅದೇ ಸಿಸಿಎಂಬಿಯ ಲಾಲ್‌ಜಿ ಸಿಂಗ್, ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಕ್ ಸೇರಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಮ್ಮಲ್ಲಿ ಹೆಚ್ಚು ಕಡಿಮೆ ಎಲ್ಲರೂ ಎರಡು ಹಳೆಯ ಜನಸಮೂಹಗಳ ಬೆರಕೆ ಅಂತ ಅದು ತೋರಿಸಿತು. ಯಾರೂ ಶುದ್ಧರಿಲ್ಲ. 2013ರಲ್ಲಿ ಆ ಬೆರಕೆಯ ಕಾಲವನ್ನೂ ಲೆಕ್ಕ ಹಾಕಿದರು. ಸುಮಾರು 4200ರಿಂದ 1900 ವರ್ಷಗಳ ಹಿಂದಿನವರೆಗೆ ಎಲ್ಲರೂ ಎಲ್ಲರ ಜೊತೆ ಬೆರೆತಿದ್ದಾರೆ. ಆಮೇಲೆ ಬಾಗಿಲು ಮುಚ್ಚಿದೆ. ಒಳಗೊಳಗೇ ಮದುವೆ ಶುರು. 2017ರಲ್ಲಿ ಇದೇ ಬಳಗದ ಇನ್ನೊಂದು ಕೆಲಸ ಬಂತು. ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳಲ್ಲಿ 81ರ ಒಳನಂಟು ಫಿನ್‌ಲೆಂಡಿನವರಿಗಿಂತ, ಯುರೋಪಿನ ಅಶ್ಕೆನಾಜಿ ಯಹೂದಿಗಳಿಗಿಂತ ಗಟ್ಟಿಯಾಗಿದೆ. ಆ ಇಬ್ಬರೂ ಅನುವಂಶೀಯ ಕಾಯಿಲೆಗೆ ಹೆಸರಾದವರು. ಈ 81ರಲ್ಲಿ 14 ಸಮುದಾಯಗಳ ಜನಸಂಖ್ಯೆ ಹತ್ತು ಲಕ್ಷಕ್ಕೂ ಹೆಚ್ಚು. ಈಗ ದೊಡ್ಡದಿರಬಹುದು, ಆದರೆ ಹಿಂದೆ ಯಾವಾಗಲೋ ಬೆರಳೆಣಿಕೆಯ ಕುಟುಂಬಗಳಿಂದ ಬೆಳೆದದ್ದು. ಆ ಕುಟುಂಬಗಳ ಡಬ್ಬಿಯಲ್ಲಿದ್ದ ಚೀಟಿಗಳೇ ಲಕ್ಷಾಂತರ ಜೆರಾಕ್ಸ್ ಆಗಿವೆ.

ಒಂದು ಉದಾಹರಣೆ ಅರಿವಳಿಕೆ ವೈದ್ಯರಿಗೆಲ್ಲ ಗೊತ್ತು. ಆಪರೇಷನ್ ಮುಂಚೆ ಸ್ನಾಯು ಸಡಿಲವಾಗಲು ಕೊಡುವ ಒಂದು ಔಷಧಿಯ ಪರಿಣಾಮ ಕೆಲವೇ ನಿಮಿಷಗಳಲ್ಲಿ ಇಳಿಯಬೇಕು. ಕೆಲವರಿಗೆ ಗಂಟೆಗಟ್ಟಲೆ ಇಳಿಯುವುದಿಲ್ಲ, ಸ್ವಂತ ಉಸಿರಾಟ ಶುರುವಾಗುವುದಿಲ್ಲ. ಅದನ್ನು ಒಡೆಯುವ ಕಿಣ್ವ ಅವರಲ್ಲಿ ಕೆಲಸ ಮಾಡುವುದಿಲ್ಲ. ಬೇರೆಲ್ಲ ಕಡೆ ಅಪರೂಪವಾದ ಇದು ವೈಶ್ಯ ಸಮುದಾಯದಲ್ಲಿ ಎದ್ದು ಕಾಣುವಷ್ಟಿದೆ. ಮೊದಲೇ ಹೇಳಿದರೆ ವೈದ್ಯರು ಬೇರೆ ಔಷಧಿ ಬಳಸುತ್ತಾರೆ, ಮುಗಿಯಿತು. ಇಲ್ಲಿ ಜಾತಿ ಕೇಳುವುದು ಅವಮಾನಕ್ಕಲ್ಲ, ಜೀವಕ್ಕೆ.

ಇನ್ನೊಂದು ನಮ್ಮ ಮಲೆನಾಡಿನದ್ದು. ಸಾಗರ ತಾಲ್ಲೂಕಿನ ಹಂದಿಗೋಡು. 1970ರ ದಶಕದ ನಡುವೆ ಅಲ್ಲಿನ ಎರಡು ಬಡ ಸಮುದಾಯಗಳಲ್ಲಿ ವಿಚಿತ್ರ ಕಾಯಿಲೆ ಬೆಳಕಿಗೆ ಬಂತು. ಸೊಂಟ, ಮಂಡಿ ಹಿಡಿದುಕೊಂಡು ನೆಟ್ಟಗೆ ನಿಲ್ಲಲಾಗದವರು, ತೆವಳಿಕೊಂಡೇ ಮನೆಗೆಲಸ ಮಾಡುವವರು, ಬೆಳವಣಿಗೆ ಕುಂಠಿತವಾದವರು. ಮೊದಲು ಅನುಮಾನ ಬಿದ್ದದ್ದು ಗದ್ದೆಗೆ ಹೊಡೆದ ಕೀಟನಾಶಕದ ಮೇಲೆ, ಆ ಗದ್ದೆಯ ಏಡಿ ತಿಂದದ್ದರ ಮೇಲೆ. ಕೇಳಲು ಸರಿ ಅನ್ನಿಸುವ ಮಾತು. ಆದರೆ ಕಾಯಿಲೆ ಗದ್ದೆಯ ದಾರಿ ಹಿಡಿಯಲಿಲ್ಲ, ಮನೆತನದ ದಾರಿ ಹಿಡಿಯಿತು. ವಂಶವೃಕ್ಷ ಬರೆದಾಗ ಅಪ್ಪನಿಂದಲೋ ಅಮ್ಮನಿಂದಲೋ ಮಕ್ಕಳಿಗೆ ಇಳಿದು ಬರುವುದು ಕಂಡಿತು. ಇದರಲ್ಲಿ ಎರಡು ಚೀಟಿ ಕೆಡಬೇಕಿಲ್ಲ, ಒಂದು ಕೆಟ್ಟರೂ ಸಾಕು. ಸೋದರಮಾವನನ್ನು ಇಲ್ಲಿ ದೂರುವ ಹಾಗಿಲ್ಲ. ಕೊಟ್ಟು ತರುವ ವೃತ್ತ ಚಿಕ್ಕದು, ಅದರೊಳಗೇ ಸುತ್ತಿತು. ಆ ವೃತ್ತವನ್ನು ಅವರು ತಾವಾಗಿ ಎಳೆದುಕೊಂಡದ್ದಲ್ಲ ಅನ್ನುವುದನ್ನೂ ಮರೆಯಬಾರದು.

ಮನೆಯೊಳಗಿನ ಒಂದು ಮಾತು ಹೇಳಿ ಪ್ರಶ್ನೆಗಳಿಗೆ ಬರುತ್ತೇನೆ. ನನ್ನ ಮೇಲೆ ಹುಟ್ಟಿದ ಇಬ್ಬರು ಮಕ್ಕಳನ್ನು ಅಮ್ಮ ಕಳೆದುಕೊಂಡಳು. ಒಂದಕ್ಕೆ ಆರು ತಿಂಗಳು, ಇನ್ನೊಂದಕ್ಕೆ ಒಂದು ವರ್ಷ. ಯಾವ ಕಾಯಿಲೆ ಅಂತ ಯಾರೂ ಹೇಳಲಿಲ್ಲ. ಊರಿನವರು ಮಾತ್ರ "ಅವಳ ಹೊಟ್ಟೆ ಸರಿ ಇಲ್ಲ" ಅಂದರು. ನಾನು ಎಂಎಸ್ಸಿ ಮುಗಿಸಿ ಬಂದ ವರ್ಷ ಅಮ್ಮನನ್ನು ಕೂರಿಸಿಕೊಂಡು ಈ ಚೀಟಿಯ ಲೆಕ್ಕ ಹೇಳಿದೆ. ಇಂಥ ಕಾಯಿಲೆ ಆಗಿದ್ದರೆ ಅರ್ಧ ಅಪ್ಪನಿಂದಲೇ ಬಂದಿರಬೇಕು, ಒಬ್ಬರಿಂದಲೇ ಆಗಲು ಸಾಧ್ಯವೇ ಇಲ್ಲ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ನಿಮ್ಮಜ್ಜಿ ಇರುವಾಗ ಹೇಳಬೇಕಿತ್ತು" ಅಂದಳು.

ಮಗು ಕಾಯಿಲೆಯಿಂದ ಹೋದರೆ ಅದರ ರಕ್ತದ ಮಾದರಿಯನ್ನು ಡಿಎನ್ಎ ಪರೀಕ್ಷೆಗೆ ತೆಗೆದಿಡಲು ಹೇಳಿ. ದುಃಖದ ಹೊತ್ತಿನಲ್ಲಿ ಕಷ್ಟ, ಗೊತ್ತು. ಆದರೆ ಯಾವ ಚೀಟಿ ಕೆಟ್ಟಿದೆ ಅಂತ ಗೊತ್ತಾದರೆ ಮುಂದಿನ ಬಸಿರಿನ ಮೂರನೇ ತಿಂಗಳಲ್ಲೇ ಮಾಸಿನ ಒಂದು ಚೂರು ತೆಗೆದು ನೋಡಬಹುದು. ಗೊತ್ತಿಲ್ಲದಿದ್ದರೆ ಹುಡುಕುವುದಾದರೂ ಏನನ್ನು? ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಇದಕ್ಕೇ ಸಲಹೆ ಕೊಡುವವರಿದ್ದಾರೆ. ಮತ್ತೆ, ಅಪ್ಪ-ಅಮ್ಮ ಇಬ್ಬರೂ ವಾಹಕರಾದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗಂದರೆ, ಒಂದು ಮಗುವಿಗೆ ಬಂತು, ಇನ್ನು ಮೂರಕ್ಕೆ ಭಯವಿಲ್ಲ ಅಂತಲ್ಲ. ಪ್ರತಿ ಬಸಿರಿಗೂ ನಾಣ್ಯ ಹೊಸದಾಗಿ ಚಿಮ್ಮುತ್ತದೆ. ಕ್ಲಾಸಿನಲ್ಲಿ ನೂರು ಸಲ ಹೇಳಿದ್ದೇನೆ, ಪರೀಕ್ಷೆಯಲ್ಲಿ ಸರಿ ಬರೆದವರೂ ಮನೆಯಲ್ಲಿ ತಪ್ಪು ತಿಳಿಯುತ್ತಾರೆ.

(ಪ್ರಶ್ನೆಗಳು)

ಒಬ್ಬರು ಅಮ್ಮ ಕೇಳಿದರು: "ನಮ್ಮನೇಲಿ ಮೂರು ತಲೆಮಾರು ಸೋದರಮಾವನೇ. ಯಾರಿಗೂ ಏನೂ ಆಗಿಲ್ಲವಲ್ಲ ಸಾರ್?"

ಸಂತೋಷ ತಾಯಿ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಅದಕ್ಕೇ ಪದ್ಧತಿ ಉಳಿದುಕೊಂಡಿದೆ. ಆದರೆ ನಿಮ್ಮ ಮನೆಯ ಚೀಟಿಗಳೆಲ್ಲ ಚೊಕ್ಕ ಅಂತ ಇದರಿಂದ ಹೇಳಲಾಗದು. ನಾಣ್ಯ ಇಲ್ಲಿಯವರೆಗೆ ನಿಮ್ಮ ಕಡೆ ಬಿದ್ದಿದೆ. ಮತ್ತೆ ಮನೆಯಲ್ಲಿ ಹುಟ್ಟುಕಿವುಡರು ಯಾರಾದರೂ ಇದ್ದಾರಾ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಅನುವಂಶೀಯ ಕಿವುಡಿನಲ್ಲಿ ಹೆಚ್ಚಿನದು ಎರಡು ಚೀಟಿಯ ತಪ್ಪೇ. "ಅದು ಬಿಡಿ, ಅವನಿಗೆ ಜ್ವರ ಬಂದು ಹಾಗಾಯ್ತು" ಅಂತ ಲೆಕ್ಕದಿಂದ ಬಿಟ್ಟುಬಿಡುತ್ತೇವೆ.

ಒಬ್ಬ ಹುಡುಗ: "ಜಾತಿ ಬಿಟ್ಟು ಮದುವೆ ಆದರೆ ಈ ಸಮಸ್ಯೆನೇ ಇರಲ್ಲ ಅಲ್ವಾ ಸಾರ್?"

ತುಂಬಾ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಒಂದೇ ಸಮುದಾಯದಲ್ಲಿ ಬೀಡುಬಿಟ್ಟ ಅಪರೂಪದ ಕಾಯಿಲೆಗಳಿಗೆ ಅದು ಒಳ್ಳೆಯ ಉಪಾಯ. ಆದರೆ ತಲಸ್ಸೇಮಿಯಾ ಅನ್ನುವ ರಕ್ತದ ಕಾಯಿಲೆಯದ್ದರಂಥ ಕೆಲವು ಜೀನುಗಳು ಎಲ್ಲ ಜಾತಿಯಲ್ಲೂ ಇವೆ. ಒಬ್ಬರು ತಲಸ್ಸೇಮಿಯಾ ವಾಹಕರು, ಇನ್ನೊಬ್ಬರು ಕುಡುಗೋಲು ಕಣದ ವಾಹಕರಾದರೂ ಮಗುವಿಗೆ ತೊಂದರೆ ಆಗಬಹುದು. ಇಬ್ಬರೂ ಒಂದು ರಕ್ತ ಪರೀಕ್ಷೆ ಮಾಡಿಸಿ. ಹುಡುಗಿ ಸಿಕ್ಕಿದ್ದಾಳಾ? (ನಗು)

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ: "ಅಕ್ಕನ ಮಗಳು ಆಗ್ತಾಳೆ, ತಂಗಿ ಮಗಳು ಆಗಲ್ಲ ಅಂತಾರೆ. ಜೀನಲ್ಲಿ ಏನಾದ್ರೂ ವ್ಯತ್ಯಾಸ ಇದ್ಯಾ?"

ಏನೂ ಇಲ್ಲಮ್ಮ. ಎರಡರಲ್ಲೂ ಮಾವನಿಗೂ ಸೊಸೆಗೂ ಕಾಲು ಭಾಗ ಹಂಚಿಕೆ. ಅಕ್ಕನ ಮಗಳಾದರೆ ವಯಸ್ಸಿನ ಅಂತರ ಕಡಿಮೆ ಇರುತ್ತದೆ, ಬಹುಶಃ ಅದಕ್ಕೇ ಈ ರೂಢಿ ಬಂದಿರಬೇಕು ಅಂದೆ. ಬಾಗಿಲ ಹತ್ತಿರ ಕೂತಿದ್ದ ಹಿರಿಯರೊಬ್ಬರಿಗೆ ಅದು ಒಪ್ಪಿಗೆಯಾಗಲಿಲ್ಲ. "ವಯಸ್ಸಲ್ಲ ಮೇಷ್ಟ್ರೇ. ತಂಗಿ ಮಗಳನ್ನ ನಾವು ಎತ್ತಿ ಆಡಿಸಿರ್ತೀವಿ. ಅವಳು ಮಗಳಿದ್ದ ಹಾಗೆ" ಅಂದರು. ಹುಡುಗಿ ಬಿಡಲಿಲ್ಲ. "ಅಕ್ಕನ ಮಗಳನ್ನ ಎತ್ತಿ ಆಡಿಸಿರಲ್ವಾ ತಾತ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಮ್ಮಪ್ಪ ನಮ್ಮಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರ ಜಾತ್ರೆಯ ತೇರು ತೋರಿಸಿದ್ದರಂತೆ. ಆಗ ಅವಳಿಗೆ ನಾಲ್ಕು ವರ್ಷ. ಅವಳೇ ಹೇಳಿದ್ದು.